ಪದಕದ ದತ್ತಿ ಸಾಕು, ಹುಡುಕಾಟಕ್ಕೊಂದು ಕಿರುದತ್ತಿ ಇರಲಿ

ಪ್ರತಿ ವರ್ಷ ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ನಮ್ಮ ಸ್ಟಾಫ್ ರೂಮಿನ ಮೇಜಿನ ಮೇಲೆ ಕ್ರಿಯಾ ಸಂಶೋಧನೆಯ ಫೈಲುಗಳು ಬಂದು ಬೀಳುತ್ತವೆ. ಶೀರ್ಷಿಕೆ ಓದುವಾಗಲೇ ಹಳೆಯ ಪರಿಚಯ ಎನಿಸುತ್ತದೆ. ಎಂಟನೇ ತರಗತಿ ಮಕ್ಕಳ ಕಾಗುಣಿತ ದೋಷಗಳು, ಹೋಂವರ್ಕ್ ಮಾಡದಿರಲು ಕಾರಣಗಳು, ಗಣಿತದ ಭಯ, ಇಂಗ್ಲಿಷ್ ಉಚ್ಚಾರಣೆಯ ತೊಡಕು. ಯಾವುದೂ ಕೆಟ್ಟ ವಿಷಯವಲ್ಲ. ಆದರೆ ಅರಸೀಕೆರೆಯ ಶಾಲೆಗೂ ಬೇಲೂರಿನ ಶಾಲೆಗೂ ಹಳೇಬೀಡಿನ ಶಾಲೆಗೂ ಒಂದೇ ವಿಷಯ, ಒಂದೇ ಪ್ರಶ್ನಾವಳಿ, ಬಹುತೇಕ ಒಂದೇ ತೀರ್ಮಾನ. ಊರಿನ ಹೆಸರು ಅಳಿಸಿದರೆ ಯಾವ ಫೈಲು ಯಾವ ಊರಿನದೆಂದು ಹೇಳಲಾಗುವುದಿಲ್ಲ.

ಪ್ರಶಿಕ್ಷಣಾರ್ಥಿಗಳು ಸೋಮಾರಿಗಳು, ಸೀನಿಯರುಗಳ ಫೈಲನ್ನೇ ಇಳಿಸಿಕೊಳ್ಳುತ್ತಾರೆ ಎಂಬ ಮಾತು ನಮ್ಮ ಕಾಲೇಜುಗಳಲ್ಲಿ ಚಾಲ್ತಿಯಲ್ಲಿದೆ. ಇಳಿಸಿಕೊಳ್ಳುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಇದಷ್ಟೇ ಕಾರಣವೆಂದು ನಾನು ಒಪ್ಪುವುದಿಲ್ಲ. ಹೋದ ವರ್ಷ ಜಾವಗಲ್ ಕಡೆಯ ಒಬ್ಬ ವಿದ್ಯಾರ್ಥಿನಿಯನ್ನು ಕೇಳಿದೆ: 'ನಿಮ್ಮೂರಿನ ನೀರಿನ ವಿಚಾರ ಮಾಡ್ತೀನಿ ಅಂದಿದ್ದೆಯಲ್ಲಮ್ಮ, ಯಾಕೆ ಬಿಟ್ಟೆ?' ಅವಳು ಸಂಕೋಚದಿಂದಲೇ ಹೇಳಿದಳು: 'ಅದಕ್ಕೆ ಊರೂರು ತಿರುಗ್ಬೇಕು ಮೇಡಂ. ಭಾನುವಾರ ನಾನು ಕಾಯಿ ಸುಲಿಯೋ ಕಡೆ ಕೂಲಿಗೆ ಹೋಗ್ತೀನಿ. ಕಾಗುಣಿತ ಆದ್ರೆ ಶಾಲೇಲೇ ಮುಗಿಯುತ್ತೆ.' ವಿಷಯವನ್ನು ಆರಿಸಿದ್ದು ಆ ಹುಡುಗಿಯಲ್ಲ, ಅವಳ ಕೈಚೀಲ. ಅನುಕೂಲಸ್ಥರ ಮಕ್ಕಳು ಬೈಕು ಹಾಕಿಕೊಂಡು ಹೋಗಿ ಬರಬಲ್ಲರು, ಬಣ್ಣದ ಪ್ರಿಂಟು ತೆಗೆಸಬಲ್ಲರು. ಯಾರ ಮನೆಯಲ್ಲಿ ಊರಿನ ಕಷ್ಟ ದಿನನಿತ್ಯದ ಅನುಭವವೋ ಅವರಿಗೇ ಆ ಕಷ್ಟವನ್ನು ಅಧ್ಯಯನದ ವಿಷಯವಾಗಿಸಲು ಕಾಸಿಲ್ಲ. ಶಿಕ್ಷಕ ಶಿಕ್ಷಣದಲ್ಲಿ ಸಾಮಾಜಿಕ ನ್ಯಾಯದ ಬಗ್ಗೆ ಒಂದು ಪತ್ರಿಕೆಯನ್ನೇ ಪಾಠ ಮಾಡುವ ನಾವು ಈ ಸಣ್ಣ ಅನ್ಯಾಯವನ್ನು ಗಮನಿಸುವುದಿಲ್ಲ.

ಅದಕ್ಕೇ ನನ್ನ ಸಲಹೆ ಇದು. ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳ ತಂಡಗಳಿಗೆ, ಶಾಲೆಯ ಮಕ್ಕಳ ಜೊತೆ ಸೇರಿ ಆ ಊರಿನ ಒಂದು ಪ್ರಶ್ನೆಯನ್ನು ಹುಡುಕಿ ತಿಳಿಯಲು, ಕಾಲೇಜೇ ಒಂದು ಸಣ್ಣ ಮೊತ್ತ ಕೊಡಬೇಕು. ಮೂರು ಸಾವಿರವೋ ನಾಲ್ಕು ಸಾವಿರವೋ. ಹಣ ತಂಡದ ಕೈಯಲ್ಲಿರಬೇಕು, ಅಧ್ಯಾಪಕರ ಕೈಯಲ್ಲಲ್ಲ. ಇದನ್ನು ಅನುದಾನ ಎಂದರೆ ಕಡತ, ಅರ್ಜಿ, ಬಳಕೆ ಪ್ರಮಾಣಪತ್ರ ಎಲ್ಲವೂ ಕಣ್ಣ ಮುಂದೆ ಬರುತ್ತವೆ. ನಾನು ಇದನ್ನು ಕಿರುದತ್ತಿ ಎಂದು ಕರೆಯುತ್ತೇನೆ. ದತ್ತಿ ನಮಗೆ ಹೊಸ ಪದವಲ್ಲ. ದತ್ತಿ ಉಪನ್ಯಾಸ ಗೊತ್ತು, ದತ್ತಿ ಬಹುಮಾನ ಗೊತ್ತು, ನಿವೃತ್ತ ಮೇಷ್ಟ್ರು ತಂದೆತಾಯಿಯ ನೆನಪಿಗೆ ಇಟ್ಟ ಚಿನ್ನದ ಪದಕದ ದತ್ತಿಯೂ ಗೊತ್ತು.

ಸಣ್ಣ ಹಣ ಕೊಟ್ಟು ವಿದ್ಯಾರ್ಥಿಗಳಿಂದ ಕೆಲಸ ತೆಗೆಯುವುದು ಕರ್ನಾಟಕಕ್ಕೂ ಹೊಸತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ಕೆಲವೇ ಸಾವಿರ ರೂಪಾಯಿಗಳ ನೆರವು ಕೊಡುತ್ತ ಬಂದಿದೆ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಶಾಲಾ ಮಗುವಿನ ಖಾತೆಗೇ 10,000 ರೂಪಾಯಿ ಬೀಳುತ್ತದೆ. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹತ್ತರಿಂದ ಹದಿನೇಳು ವರ್ಷದ ಮಕ್ಕಳು ಊರಿನ ಕೆರೆ, ಕಸ, ಬೆಳೆಗಳನ್ನು ಅಳೆದು ಬರೆದು ತರುತ್ತಾರೆ. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ನೋಡಿಕೊಂಡಿದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ 'ಕಲಿ-ಕಲಿಸು' ಕಾರ್ಯಕ್ರಮ ನಮಗೆ ಇನ್ನೂ ಹತ್ತಿರದ್ದು. ಸರ್ಕಾರಿ ಶಾಲೆಯ ಶಿಕ್ಷಕರಿಗೆ ನೇರವಾಗಿ ನೆರವು ಸಿಗುತ್ತದೆ, ಅವರು ಮಕ್ಕಳ ಜೊತೆ ತಮ್ಮೂರಿನ ಕಲೆ, ಕಸುಬು, ಕತೆಗಳನ್ನು ಹುಡುಕುತ್ತಾರೆ. ಶಿಕ್ಷಕರನ್ನು ನಂಬಿ ಹಣ ಕೊಡಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನನ್ನ ತಕರಾರು ಇಷ್ಟೇ: ಶಿಕ್ಷಕರಾದ ಮೇಲೆ ನಂಬುವವರು ಶಿಕ್ಷಕರಾಗುವ ಹೊತ್ತಿನಲ್ಲಿ ಯಾಕೆ ನಂಬುವುದಿಲ್ಲ?

ನಮ್ಮ ಕಾಲೇಜಿನಲ್ಲಿ ಎರಡು ವರ್ಷ ಇದನ್ನು ಸಣ್ಣದಾಗಿ ಮಾಡಿ ನೋಡಿದೆವು. ಅಧ್ಯಾಪಕರು, ಕೆಲವು ಹಳೆಯ ವಿದ್ಯಾರ್ಥಿಗಳು ಕೈಯಿಂದ ಹಾಕಿಕೊಂಡ ದುಡ್ಡು. ಒಂದು ತಂಡದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ವಾದವೆಲ್ಲ ಅದರೊಳಗೇ ಇದೆ.

ಅರಸೀಕೆರೆ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಮೀರಿದ ಕಡೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಇನ್ನೂ ಹೆಚ್ಚು ವರ್ಷ ಕುಡಿದರೆ ಮೂಳೆಗೂ ತಟ್ಟುತ್ತದೆ. ನಮ್ಮ ನಾಲ್ವರು ಪ್ರಶಿಕ್ಷಣಾರ್ಥಿಗಳು ಹೋದ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿತ್ತು. ಕಾಸು ಹಾಕಿದರೆ ಕ್ಯಾನು ತುಂಬುತ್ತದೆ. ಕಾಗದದ ಮೇಲೆ ಆ ಊರಿನ ಸಮಸ್ಯೆ ಬಗೆಹರಿದಿತ್ತು.

ತಂಡದವರು ಮೊದಲು ನೀರಿನಲ್ಲಿ ಎಷ್ಟು ಫ್ಲೋರೈಡ್ ಇದೆ ಎಂದು ನೋಡುವ ಯೋಚನೆ ಮಾಡಿದ್ದರು. ಪರೀಕ್ಷಾ ಕಿಟ್ಟಿಗೆ ದುಡ್ಡು ಬೇಕೆಂದು ಕೇಳಿದರು. ಕಿಟ್ಟು ಕೊಳ್ಳುವುದು ಬೇಡ, ಜಲ ಜೀವನ್ ಮಿಷನ್ನಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿದ್ದಾರೆ, ಊರಿನ ಐವರು ಹೆಣ್ಣುಮಕ್ಕಳಿಗೆ ತರಬೇತಿ ಕೊಡುವುದೂ ಆ ಯೋಜನೆಯಲ್ಲೇ ಇದೆ, ಅವರನ್ನೇ ಕೇಳಿ ಎಂದೆವು. ಕೇಳಲು ಹೋದಾಗ ತರಬೇತಿ ಪಡೆದಿದ್ದ ಒಬ್ಬ ಹೆಂಗಸು ಪರೀಕ್ಷೆ ಮಾಡಿ ತೋರಿಸಿದ್ದಲ್ಲದೆ, 'ಬೋರಿನ ನೀರು ಕುಡೀಬಾರ್ದು ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಆದ್ರೂ ಯಾರ್ಯಾರು ಕುಡೀತಾವ್ರೆ, ಅದನ್ನ ನೋಡಿ ಮೊದ್ಲು' ಎಂದರಂತೆ. ಆ ಒಂದು ಮಾತಿಗೆ ಪ್ರಶ್ನೆಯೇ ಬದಲಾಯಿತು. ನೀರಿನಲ್ಲಿ ಏನಿದೆ ಎಂಬುದರ ಬದಲು, ಘಟಕದ ನೀರು ಯಾರ ಮನೆ ತಲುಪುತ್ತದೆ, ಯಾರ ಮನೆ ತಲುಪುವುದಿಲ್ಲ ಎಂಬುದು ಪ್ರಶ್ನೆಯಾಯಿತು.

ಎಂಟನೇ ತರಗತಿಯ ಮಕ್ಕಳು ಊರಿನ ನಕ್ಷೆ ಬರೆದರು. ಘಟಕ ಎಲ್ಲಿದೆ, ಪ್ರತಿ ಕೇರಿ ಅದರಿಂದ ಎಷ್ಟು ಹೆಜ್ಜೆ, ಯಾವ ಮನೆಯಲ್ಲಿ ಬೈಕು ಇದೆ, ಕ್ಯಾನು ಹೊರುವವರು ಯಾರು. ಘಟಕ ಪಂಚಾಯಿತಿ ಕಚೇರಿಯ ಪಕ್ಕದಲ್ಲಿತ್ತು. ಕಾಲೋನಿ ಊರಿನ ಇನ್ನೊಂದು ತುದಿಗೆ. ಇಪ್ಪತ್ತು ಲೀಟರಿನ ಕ್ಯಾನು ಎಂದರೆ ಇಪ್ಪತ್ತು ಕಿಲೋ. ಬೈಕಿದ್ದವರು ಮುಂದುಗಡೆ ಇಟ್ಟುಕೊಂಡು ಹೋಗುತ್ತಾರೆ. ಬೈಕಿಲ್ಲದ ಮನೆಯಲ್ಲಿ, ಮುದುಕರಷ್ಟೇ ಇರುವ ಮನೆಯಲ್ಲಿ, ಗಂಡಸರು ಬೆಂಗಳೂರಿಗೆ ದುಡಿಯಲು ಹೋದ ಮನೆಯಲ್ಲಿ ಬೋರಿನ ನೀರೇ ಗತಿ. ಕಾಲೋನಿಯಲ್ಲಿ ಅಂಥ ಮನೆಗಳೇ ಹೆಚ್ಚು. ನೀರಿಗೆ ಜಾತಿ ಇಲ್ಲವೆಂದು ನಾವು ಪಾಠ ಹೇಳುತ್ತೇವೆ. ನೀರಿನ ಘಟಕ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಊರಿನ ಹಳೆಯ ನಕ್ಷೆ ಇದ್ದೇ ಇರುತ್ತದೆ. ಇದನ್ನು ಯಾರೂ ಭಾಷಣ ಮಾಡಿ ಹೇಳಲಿಲ್ಲ. ಹದಿಮೂರು ವರ್ಷದ ಮಕ್ಕಳು ಹೆಜ್ಜೆ ಎಣಿಸಿ ಕಂಡುಕೊಂಡರು.

ಒಂದು ಸೂಕ್ಷ್ಮ ಸಂದರ್ಭವೂ ಬಂತು. ವರದಿಗೆ ಹಲ್ಲುಗಳ ಫೋಟೋ ಹಾಕಿದರೆ ಚೆನ್ನಾಗಿರುತ್ತದೆ ಎಂದು ತಂಡದ ಒಬ್ಬ ಹುಡುಗ ಮೊಬೈಲು ತೆಗೆದ. ತರಗತಿಯ ಒಬ್ಬ ಹುಡುಗಿ ಸೆರಗಿನಂತೆ ದುಪಟ್ಟಾ ಬಾಯಿಗೆ ಅಡ್ಡ ಹಿಡಿದಳು. ತಂಡದ ಇನ್ನೊಬ್ಬಳು ಮೊಬೈಲು ಒಳಗಿಡಿಸಿದಳು. ಸಂಜೆ ಅವರು ನಾಲ್ವರೂ ಕೂತು ಮಾತಾಡಿ, ಯಾರ ಮುಖವೂ ಯಾರ ಹಲ್ಲೂ ವರದಿಯಲ್ಲಿ ಇರಬಾರದೆಂದು ತೀರ್ಮಾನಿಸಿದರು. ಸಂಶೋಧನಾ ನೀತಿ ಎಂಬ ಘಟಕವನ್ನು ನಾನು ತರಗತಿಯಲ್ಲಿ ಪಾಠ ಮಾಡುತ್ತೇನೆ. ಆ ಸಂಜೆ ಅವರು ಕಲಿತಷ್ಟನ್ನು ನನ್ನ ಪಾಠದಿಂದ ಕಲಿತಿದ್ದರೆಂದು ನನಗನಿಸುವುದಿಲ್ಲ.

ಖರ್ಚು ಎಷ್ಟಾಯಿತು? ಬಸ್ಸು, ಝೆರಾಕ್ಸು, ನಕ್ಷೆಗೆ ದೊಡ್ಡ ಹಾಳೆ ಮತ್ತು ಬಣ್ಣ, ಎರಡು ಭಾನುವಾರ ಮಕ್ಕಳಿಗೆ ಚಿತ್ರಾನ್ನ, ಫೋನಿಗೆ ರೀಚಾರ್ಜು. 2023ರ ಜೂನಿನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಹಾಗಾಗಿ ತಂಡದಲ್ಲಿ ಬಸ್ಸಿನ ಖರ್ಚು ಹುಡುಗರದ್ದು ಮಾತ್ರ! ಸರ್ಕಾರಿ ಬಸ್ಸೇ ಹೋಗದ ಊರಿಗೆ ಆಟೋದಲ್ಲಿ ಸೀಟಿನ ಲೆಕ್ಕ. ಕೊನೆಯದು, ಮತ್ತು ನನಗೆ ಮುಖ್ಯವಾದದ್ದು: ಭಾನುವಾರ ಕೂಲಿ ಬಿಟ್ಟು ಬಂದ ಪ್ರಶಿಕ್ಷಣಾರ್ಥಿಗೆ ಆ ದಿನದ ಕೂಲಿಯ ಒಂದಂಶ. ಇದನ್ನು ಸೇರಿಸುವಾಗ ಸಹೋದ್ಯೋಗಿಗಳಲ್ಲಿ ಕೆಲವರು ಹುಬ್ಬೇರಿಸಿದರು. ಅಂಕಕ್ಕೆ ಮಾಡುವ ಕೆಲಸಕ್ಕೆ ಕೂಲಿಯೇ ಎಂದರು. ಆದರೆ ಇದನ್ನು ತೆಗೆದರೆ ಜಾವಗಲ್ಲಿನ ಹುಡುಗಿ ಮತ್ತೆ ಕಾಗುಣಿತಕ್ಕೇ ಹೋಗುತ್ತಾಳೆ. ನನ್ನ ಮಟ್ಟಿಗೆ ಕಿರುದತ್ತಿಯ ತಿರುಳೇ ಈ ಬಾಬ್ತು.

ಒಂದು ಬಾಬ್ತಿಗೆ ಮಾತ್ರ ನಾವು ಕಡ್ಡಾಯವಾಗಿ ಇಲ್ಲವೆಂದೆವು: ಫ್ಲೆಕ್ಸು. ಕಾರ್ಯಕ್ರಮವೆಂದರೆ ಮೊದಲು ಫ್ಲೆಕ್ಸಿಗೆ ಹೇಳುವುದು, ಆಮೇಲೆ ಕಾರ್ಯಕ್ರಮ ಏನೆಂದು ಯೋಚಿಸುವುದು ನಮ್ಮ ಕಾಲದ ರೋಗ.

ಫಲ ಏನು ಎಂದು ಕೇಳುತ್ತೀರಿ. ಮಕ್ಕಳು ನಕ್ಷೆಯನ್ನು ಮೊದಲು ಕಾಲೋನಿಯ ಅಂಗನವಾಡಿ ಕಟ್ಟೆಯ ಮೇಲೆ ಹರಡಿ ತೋರಿಸಿದರು. ಅಲ್ಲೊಬ್ಬ ಅಜ್ಜಿ, 'ಬರ್ಕೊಂಡ್ ಹೋಗೋರು ಬೇಕಾದಷ್ಟು ಜನ ಬಂದವ್ರೆ, ಬರ್ದಿದ್ದನ್ನ ತಂದು ತೋರ್ಸಿದ್ದು ನೀವೇ ಮೊದ್ಲು ಕಣ್ರಪ್ಪ' ಎಂದರು. ಆಮೇಲೆ ನಕ್ಷೆ ಮಕ್ಕಳ ಗ್ರಾಮ ಸಭೆಗೆ ಹೋಯಿತು. ಪಿಡಿಒ ಸಮಾಧಾನದಿಂದ ಕೇಳಿದರು, ನಡಾವಳಿಯಲ್ಲಿ ಬರೆಸಿದರು. ಕಾಲೋನಿಯ ತುದಿಗೆ ಒಂದು ನಲ್ಲಿ ಎಳೆಸುವ ಮಾತಾಯಿತು. ಈ ಲೇಖನ ಬರೆಯುವವರೆಗೂ ನಲ್ಲಿ ಬಂದಿಲ್ಲ. ಬಂದಿಲ್ಲವೆಂದು ಮಕ್ಕಳು ಮುಂದಿನ ಸಭೆಯಲ್ಲಿ ಮತ್ತೆ ಕೇಳಿದ್ದಾರೆ. ಹಿಂದಿನ ವರ್ಷದ ನಡಾವಳಿಯ ಪುಟವನ್ನು ತೆಗೆಸಿ ಓದಿಸಿದರಂತೆ.

ಮಕ್ಕಳ ಗ್ರಾಮ ಸಭೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರತಿ ವರ್ಷ ಸುತ್ತೋಲೆ ಬರುತ್ತದೆ, ಪಂಚಾಯಿತಿಗಳು ನಡೆಸುತ್ತವೆ, ಬಹಳ ಕಡೆ ಬಿಸ್ಕತ್ತು ಹಂಚಿ ಫೋಟೋ ತೆಗೆದು ಮುಗಿಸುತ್ತಾರೆ. ಆದರೆ ಅದರ ಬೇರು ದೊಡ್ಡದು. 1990ರಲ್ಲಿ ದುಡಿಯುವ ಮಕ್ಕಳೇ ಕಟ್ಟಿಕೊಂಡ ಭೀಮ ಸಂಘ, 1995ರಿಂದ ಕುಂದಾಪುರ ತಾಲ್ಲೂಕಿನಲ್ಲಿ ನಡೆದ ಮಕ್ಕಳ ಪಂಚಾಯಿತಿ, ಅದಕ್ಕೆ ಬೆನ್ನೆಲುಬಾದ 'ದ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ, ಇವು ಮಕ್ಕಳು ತಮ್ಮ ಊರಿನ ಮಾಹಿತಿಯನ್ನು ತಾವೇ ಕಲೆಹಾಕಿ ದೊಡ್ಡವರ ಮುಂದೆ ಇಡಬಲ್ಲರೆಂದು ನಮ್ಮ ರಾಜ್ಯದಲ್ಲೇ ತೋರಿಸಿಕೊಟ್ಟವು. ಮಕ್ಕಳ ಕೈಯಲ್ಲಿ ಮಾಹಿತಿ ಇಲ್ಲದಿದ್ದರೆ ಗ್ರಾಮ ಸಭೆ ಬೇಡಿಕೆಗಳ ಪಟ್ಟಿಯಾಗುತ್ತದೆ: ಆಟದ ಮೈದಾನ ಬೇಕು, ಕಾಂಪೌಂಡ್ ಬೇಕು. ನಕ್ಷೆ ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬೇರೆ.

ಇನ್ನೆರಡು ತಂಡಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹಳೇಬೀಡಿನಲ್ಲಿ ಒಂದು ತಂಡ ದೇವಸ್ಥಾನದ ಸುತ್ತಲಿನ ಮನೆಗಳ ವಿಚಾರ ತೆಗೆದುಕೊಂಡಿತು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು, ಪಟ್ಟೇ ಪಡಬೇಕು. ಆದರೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂಬ ಕಾನೂನು 2010ರ ತಿದ್ದುಪಡಿಯಿಂದಲೇ ಇದೆ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡವಿಲ್ಲ, ರಿಪೇರಿಗೂ ಅನುಮತಿ ಬೇಕು. ಹೆಂಚು ಒಡೆದು ಸೋರುವ ಮನೆಯವರಿಗೆ ರಿಪೇರಿಗೆ ಅರ್ಜಿ ಹಾಕಬಹುದು ಎಂಬುದೇ ಗೊತ್ತಿರಲಿಲ್ಲ. ಏನೂ ಮಾಡುವಂತಿಲ್ಲ ಎಂದು ಸುಮ್ಮನಾದವರೇ ಹೆಚ್ಚು. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಹತ್ತನೇ ತರಗತಿ ಮಕ್ಕಳ ಜೊತೆ ಮನೆಮನೆಗೆ ಹೋಗಿ, ಅರ್ಜಿ ಎಲ್ಲಿ, ಹೇಗೆ, ಯಾವ ದಾಖಲೆ ಎಂಬುದನ್ನು ಎರಡು ಪುಟದ ಸರಳ ಕನ್ನಡದಲ್ಲಿ ಬರೆದು ಹಂಚಿದರು. ಹೊಯ್ಸಳರ ಪಾಠವನ್ನು ಅದಕ್ಕಿಂತ ಚೆನ್ನಾಗಿ ಮಾಡಿದ್ದನ್ನು ನಾನು ನೋಡಿಲ್ಲ. ವಿಷ್ಣುವರ್ಧನನ ಕಾಲದಿಂದ ಇವತ್ತಿನ ಸೋರುವ ಹೆಂಚಿನವರೆಗೆ ಒಂದೇ ದಾರಿಯಲ್ಲಿ ನಡೆದಂತಿತ್ತು.

ಮೂರನೆಯ ತಂಡ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಮಕ್ಕಳ ಭಾಷೆಯ ಕಡೆ ಹೋಯಿತು. ಮನೆಯಲ್ಲಿ ವಾಗ್ರಿ, ಶಾಲೆಯಲ್ಲಿ ಕನ್ನಡ. ವಾಗ್ರಿ ಗುಜರಾತಿಯ ನಂಟಿನ ಭಾಷೆ, ಕನ್ನಡದ ಬಳಗದ್ದಲ್ಲ. ಅಪ್ಪಅಮ್ಮ ವ್ಯಾಪಾರಕ್ಕೆಂದು ತಿಂಗಳುಗಟ್ಟಲೆ ಹೊರಗೆ, ಹೊರರಾಜ್ಯಕ್ಕೆ, ಹೊರದೇಶಕ್ಕೂ. 2023ರಲ್ಲಿ ಸುಡಾನಿನ ಯುದ್ಧದ ನಡುವೆ ಕರ್ನಾಟಕದ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದ ಸುದ್ದಿ ನೆನಪಿರಬಹುದು. ಆ ಮಗು ಶಾಲೆಯಲ್ಲಿ ಸುಮ್ಮನೆ ಕೂತರೆ ನಾವು 'ಕಲಿಕೆಯಲ್ಲಿ ಹಿಂದುಳಿದ ಮಗು' ಎಂದು ಬರೆಯುತ್ತೇವೆ. ತಂಡದವರು ಹಿರಿಯರನ್ನು ಕೂರಿಸಿಕೊಂಡು ಅಡುಗೆ, ಹಕ್ಕಿ, ನಂಟುಗಳ ಪದಗಳನ್ನು ಮಕ್ಕಳ ಕೈಯಲ್ಲೇ ಕನ್ನಡ ಲಿಪಿಯಲ್ಲಿ ಬರೆಸಿ ಸಣ್ಣ ಪುಸ್ತಕ ಕಟ್ಟಿದರು. ಹಣದ ಅರ್ಧ ಮುದ್ರಣಕ್ಕೆ, ಉಳಿದದ್ದು ಮಾತಾಡಲು ಕೂತ ಹಿರಿಯರಿಗೆ. ಅವರ ಸಮಯಕ್ಕೆ ಬೆಲೆ ಕೊಡಬೇಕೆಂದು ಹೇಳಿದ್ದು ನಾವಲ್ಲ, ತಂಡದ ಹುಡುಗರೇ. ಪ್ರತಿಗಳೆಲ್ಲ ಊರಿಗೆ ಸೇರಿದವು, ನಮ್ಮ ಗ್ರಂಥಾಲಯಕ್ಕೆ ಒಂದೇ.

ಈಗ ಆಕ್ಷೇಪಗಳಿಗೆ ಬರೋಣ. ಸಮಯವೆಲ್ಲಿದೆ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. 2014ರ ಎನ್‌ಸಿಟಿಇ ನಿಯಮಗಳ ಪ್ರಕಾರ ಬಿ.ಇಡಿ. ಎರಡು ವರ್ಷವಾಯಿತು, ಶಾಲಾ ಅನುಭವ ಇಪ್ಪತ್ತು ವಾರ, ಅದರಲ್ಲಿ ಎರಡನೇ ವರ್ಷದ್ದೇ ಹದಿನಾರು. ಹದಿನಾರು ವಾರ ಒಂದು ಊರಿಗೆ ಹೋಗಿಬಂದೂ ಆ ಊರಿನ ಹೆಸರು, ಬಸ್ಸಿನ ಸಮಯ, ಹೆಡ್‌ಮಾಸ್ಟರ ಸ್ವಭಾವ ಬಿಟ್ಟರೆ ಬೇರೇನೂ ತಿಳಿಯದೆ ಬರುವ ಪ್ರಶಿಕ್ಷಣಾರ್ಥಿಗೆ ಸಮಯದ ಕೊರತೆ ಇತ್ತೆಂದು ನಾನು ನಂಬಲಾರೆ. ಕ್ರಿಯಾ ಸಂಶೋಧನೆಗೆ ಹೇಗೂ ಅಂಕವಿದೆ. ಅದೇ ಜಾಗದಲ್ಲಿ ಇದು ಕೂರುತ್ತದೆ.

ಆಡಿಟ್ಟಿನ ಆಕ್ಷೇಪ ನಿಜವಾದದ್ದು. ಹಳ್ಳಿಯ ಟೀ ಅಂಗಡಿಯವರು ಬಿಲ್ ಕೊಡುವುದಿಲ್ಲ, ಆಟೋದವರು ರಸೀತಿ ಬರೆಯುವುದಿಲ್ಲ. ಬಿಲ್ ಬೇಕೆಂದು ಹಟ ಹಿಡಿದರೆ ತಂಡದವರು ಪೇಟೆಯ ಸ್ಟೇಷನರಿ ಅಂಗಡಿಯಿಂದ ಸುಳ್ಳು ಬಿಲ್ ತರುತ್ತಾರೆ. ಶಿಕ್ಷಕ ವೃತ್ತಿಯ ಮೊದಲ ಪಾಠವಾಗಿ ನಾವು ಸುಳ್ಳು ಲೆಕ್ಕ ಕಲಿಸಿದಂತಾಗುತ್ತದೆ. ಇದಕ್ಕೆ ದಾರಿ ತೋರಿಸಿದ್ದು ನಮ್ಮ ಊರುಗಳ ಕಲ್ಲುಗಳೇ. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟ ಹಾಸನ ಜಿಲ್ಲೆಯದ್ದು. ಅದರಲ್ಲಿರುವ ದತ್ತಿ ಶಾಸನಗಳನ್ನು ನೋಡಿ. ಕೊಟ್ಟವರು ಯಾರು, ಏನು ಕೊಟ್ಟರು, ಯಾವುದಕ್ಕೆ, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದನ್ನೆಲ್ಲ ಕಲ್ಲಿನಲ್ಲಿ ಕೆತ್ತಿ ಊರವರ ಕಣ್ಣೆದುರು ನಿಲ್ಲಿಸಿದರು. ಕೊನೆಗೆ, ಇದನ್ನು ಕೆಡಿಸಿದವನಿಗೆ ಇಂಥ ಪಾಪ ತಟ್ಟಲಿ ಎಂಬ ಶಾಪ. ನಾವು ಮಾಡಿದ್ದೂ ಅದೇ, ಶಾಪವೊಂದನ್ನು ಬಿಟ್ಟು. ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ತಂಡದವರು ಕೈಬರಹದಲ್ಲಿ ಬರೆದು ಸಹಿ ಹಾಕಿ ಶಾಲೆಯ ಸೂಚನಾ ಫಲಕದ ಮೇಲೆ ಅಂಟಿಸಬೇಕು. ಚಿತ್ರಾನ್ನಕ್ಕೆ ಎಷ್ಟಾಯಿತೆಂದು ತಿಂದ ಮಕ್ಕಳಿಗೇ ಗೊತ್ತಿರುವಾಗ ಸುಳ್ಳು ಬರೆಯುವುದು ಕಷ್ಟ.

ಮೂರನೆಯ ಆಕ್ಷೇಪ ಅಭ್ಯಾಸ ಶಾಲೆಯ ಮುಖ್ಯಶಿಕ್ಷಕರದ್ದು, ಮತ್ತು ಇದಕ್ಕೆ ನಾನು ತಲೆಬಾಗುತ್ತೇನೆ. ಒಬ್ಬರು ನೇರವಾಗಿಯೇ ಹೇಳಿದರು: 'ಮೇಡಂ, ನಿಮ್ಮ ಹುಡುಗರು ಪ್ರಶ್ನೆ ಎತ್ತಿ ಹದಿನಾರು ವಾರಕ್ಕೆ ಹೊರಟುಹೋಗ್ತಾರೆ. ಪಂಚಾಯಿತಿಯವರ ಮುಖ ದಿನಾ ನೋಡ್ಬೇಕಾದೋನು ನಾನು. ಎಸ್‌ಡಿಎಂಸಿ ಅಧ್ಯಕ್ಷರು ಆ ಮೆಂಬರಿನ ತಮ್ಮ.' ಹೊರಗಿನವರು ಎಬ್ಬಿಸಿದ ಧೂಳನ್ನು ಊರಿನವರೇ ಕುಡಿಯಬೇಕು ಎಂಬುದು ನ್ಯಾಯದ ಮಾತು. ಸಾಮಾಜಿಕ ನ್ಯಾಯದ ಹೆಸರಿನಲ್ಲಿ ಬಂದು ಹೋಗುವ ಯಾರೇ ಆದರೂ ಇದಕ್ಕೆ ಉತ್ತರ ಕೊಡಬೇಕು. ನಾವು ಎರಡನೇ ವರ್ಷದಿಂದ ಪ್ರಶ್ನೆಯನ್ನು ಆರಿಸುವ ದಿನವೇ ಮುಖ್ಯಶಿಕ್ಷಕರನ್ನೂ ಇಬ್ಬರು ಪೋಷಕರನ್ನೂ ಕೂರಿಸಿಕೊಂಡೆವು. ಅವರು ಬೇಡವೆಂದ ಪ್ರಶ್ನೆ ಬೇಡ. ಇದರಿಂದ ಕೆಲವು ಬಿಸಿಯಾದ ಪ್ರಶ್ನೆಗಳು ಬಿದ್ದುಹೋದವು, ತಂಡದವರಿಗೆ ಬೇಸರವೂ ಆಯಿತು. ಒಂದು ಊರಿನ ಹೋಟೆಲಿನಲ್ಲಿ ಲೋಟ ಬೇರೆ ಇಡುವ ವಿಚಾರ ಹಾಗೆ ಬಿದ್ದದ್ದು. ಅದು ಬಿದ್ದದ್ದಕ್ಕೆ ನನಗೆ ಸಮಾಧಾನವಿಲ್ಲ. ಆದರೆ ಕೂಲಿಗೆ ಹೋಗುವ ಅಪ್ಪನ ಮಗುವನ್ನು ಮುಂದೆ ನಿಲ್ಲಿಸಿ, ನಾವು ಹಾಸನದ ಬಸ್ಸು ಹತ್ತಿ ಬರುವುದು ಧೈರ್ಯವಲ್ಲ. ಅಂಥ ಪ್ರಶ್ನೆಗೆ ಬೇರೆ ವೇದಿಕೆ, ದೊಡ್ಡವರ ಹೆಗಲು ಬೇಕು.

ನೆದರ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ 1970ರ ದಶಕದಲ್ಲಿ ವಿಜ್ಞಾನದ ಅಂಗಡಿಗಳೆಂಬುವು ಹುಟ್ಟಿದವು. ಹಣವಿಲ್ಲದ ಸಂಘಗಳು, ಬಡಾವಣೆಯ ಜನ ತಮ್ಮ ಪ್ರಶ್ನೆಯನ್ನು ಅಂಗಡಿಗೆ ತರುತ್ತಾರೆ. ವಿದ್ಯಾರ್ಥಿಗಳು ತಮ್ಮ ಓದಿನ ಭಾಗವಾಗಿಯೇ ಅದರ ಬೆನ್ನು ಹತ್ತುತ್ತಾರೆ. ನನಗೆ ಹಿಡಿಸಿದ್ದು ಆ ದಿಕ್ಕು. ವಿದ್ಯಾರ್ಥಿ ವಿಷಯ ಹುಡುಕಿಕೊಂಡು ಊರಿಗೆ ಹೋಗುವುದಿಲ್ಲ, ಊರು ಪ್ರಶ್ನೆಯನ್ನು ಹಿಡಿದುಕೊಂಡು ವಿದ್ಯಾರ್ಥಿಯ ಬಳಿ ಬರುತ್ತದೆ. ನಮ್ಮ ಕಾಲೇಜಿನ ಬಾಗಿಲಿಗೆ ಯಾರೂ ಹಾಗೆ ಬರುವುದಿಲ್ಲ, ನಿಜ. ಅದಕ್ಕೆ ಈಗ ಇಂಟರ್ನ್‌ಶಿಪ್ಪಿನ ಮೊದಲ ವಾರ ಅಭ್ಯಾಸ ಶಾಲೆಯ ಪೋಷಕರ ಸಭೆಯಲ್ಲಿ ಒಂದು ನೋಟ್‌ಬುಕ್ಕು ಇಡುತ್ತಿದ್ದೇವೆ. 'ನಿಮ್ಮೂರಿನ ಬಗ್ಗೆ ನಿಮಗೆ ಏನು ತಿಳೀಬೇಕು?' ಎಂದು ಮೇಲೆ ಬರೆದಿದೆ. ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡುತ್ತಾರೆ.

ಹಣ ಎಲ್ಲಿಂದ ಎಂಬ ಪ್ರಶ್ನೆಯಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಡುಸು. ದೊಡ್ಡ ಸಂಸ್ಥೆಗಳಿಗೆ ಅರ್ಜಿ ಹಾಕಬಾರದೆಂದಲ್ಲ. ಆದರೆ ದೊಡ್ಡ ಹಣ ಬಂದರೆ ಅದರ ಜೊತೆ ಅದರ ವಿಷಯವೂ ಬರುತ್ತದೆ, ನಮೂನೆಯೂ ಬರುತ್ತದೆ, ಕೊನೆಗೆ ಫ್ಲೆಕ್ಸೂ ಬರುತ್ತದೆ. ಶಾಲೆಗೆ ಬರುವ ಸಂಯುಕ್ತ ಅನುದಾನಕ್ಕೆ ಕೈಹಾಕುವುದಂತೂ ಬೇಡವೇ ಬೇಡ. ಮೂವತ್ತು ಮಕ್ಕಳವರೆಗಿನ ಶಾಲೆಗೆ ಸಮಗ್ರ ಶಿಕ್ಷಣದಲ್ಲಿ ವರ್ಷಕ್ಕೆ ಬರುವುದು 10,000 ರೂಪಾಯಿ, ಅದರಲ್ಲೇ ಸುಣ್ಣಬಣ್ಣ, ರಿಪೇರಿ, ಚಾಕ್‌ಪೀಸ್ ಎಲ್ಲವೂ ಆಗಬೇಕು. ನನ್ನ ಕಣ್ಣಿರುವುದು ಪದಕಗಳ ಮೇಲೆ. ಹೆಚ್ಚಿನ ಶಿಕ್ಷಣ ಕಾಲೇಜುಗಳಲ್ಲಿ ಮೊದಲ ಸ್ಥಾನ ಬಂದವರಿಗೆ ಒಂದಲ್ಲ ನಾಲ್ಕು ದತ್ತಿ ಬಹುಮಾನಗಳಿರುತ್ತವೆ, ಒಮ್ಮೊಮ್ಮೆ ನಾಲ್ಕೂ ಒಬ್ಬರಿಗೇ. ದತ್ತಿ ಇಟ್ಟ ಹಿರಿಯರನ್ನೋ ಅವರ ಮಕ್ಕಳನ್ನೋ ಹೋಗಿ ಕಾಣೋಣ. ಮೊದಲು ಬಂದವರಿಗೆ ಒಂದು ಸಾಕು, ಉಳಿದ ಬಡ್ಡಿಯನ್ನು ನಿಮ್ಮ ತಂದೆಯ ಹೆಸರಲ್ಲೇ ಒಂದು ತಂಡದ ಹುಡುಕಾಟಕ್ಕೆ ಕೊಡಬಹುದೇ ಎಂದು ಕೇಳೋಣ. ಹಾರನಹಳ್ಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪದಕ ಆದ್ರೆ ಹೆಸರು ಕೂಗ್ತಾರಮ್ಮ ಸ್ಟೇಜಿನ ಮೇಲೆ. ಇದಕ್ಕೆ?' ಎಂದರು. ವರದಿಯ ಮೊದಲ ಪುಟದಲ್ಲಿ ಹೆಸರಿರುತ್ತದೆ, ಅದನ್ನು ಊರಿನಲ್ಲಿ ಓದಿ ಹೇಳುತ್ತಾರೆ ಎಂದೆ. ಒಪ್ಪಿದರು.

ಇನ್ನೊಂದು ಎಚ್ಚರಿಕೆ, ಶಿಕ್ಷಕ ಶಿಕ್ಷಕರಿಗೆ. ಇದನ್ನು ಸ್ಪರ್ಧೆಯಾಗಿಸಬೇಡಿ. ಉತ್ತಮ ಯೋಜನೆಗೆ ಪ್ರಥಮ ಬಹುಮಾನ ಎಂದೊಡನೆ ತಂಡಗಳು ಊರಿನ ಕಡೆ ನೋಡುವುದು ಬಿಟ್ಟು ತೀರ್ಪುಗಾರರ ಕಡೆ ನೋಡುತ್ತವೆ. ಅಂಕ ಕೊಡುವಾಗಲೂ ಫಲಿತಾಂಶಕ್ಕೆ ಕೊಡಬೇಡಿ. ನಲ್ಲಿ ಬಂತೋ ಇಲ್ಲವೋ ಎಂಬುದು ಪ್ರಶಿಕ್ಷಣಾರ್ಥಿಯ ಕೈಯಲ್ಲಿಲ್ಲ. ಪ್ರಶ್ನೆ ಯಾರಿಂದ ಬಂತು, ಮಕ್ಕಳು ಎಷ್ಟು ಭಾಗ ತಾವೇ ಮಾಡಿದರು, ಕಂಡದ್ದನ್ನು ಊರಿಗೆ ಮೊದಲು ತಿಳಿಸಿದರೋ ನಮಗೆ ಮೊದಲು ಕೊಟ್ಟರೋ, ಇವನ್ನು ನೋಡಿ. ಆ ನಕ್ಷೆಯಿಂದ ಎಂಟನೇ ತರಗತಿಯಲ್ಲಿ ಪ್ರಮಾಣ ಮತ್ತು ಶೇಕಡಾ ಪಾಠ ಹೇಗೆ ನಡೆಯಿತು ಎಂಬುದನ್ನು ವೀಕ್ಷಣಾ ಪುಸ್ತಕದಲ್ಲಿ ಬರೆಯಿರಿ. ಮನವಿ ಪತ್ರ ಬರೆಯುವುದನ್ನು ಕನ್ನಡದ ಪ್ರಶಿಕ್ಷಣಾರ್ಥಿ ಆ ಊರಿನ ನಿಜವಾದ ಮನವಿಯಿಂದಲೇ ಕಲಿಸಿದ್ದರೆ ಅದಕ್ಕೆ ಅಂಕ ಕೊಡಿ.

ಈ ವರ್ಷ ನಮ್ಮ ಬಳಿ ನಾಲ್ಕು ತಂಡಗಳಿಗಾಗುವಷ್ಟು ಹಣ ಕೂಡಿದೆ. ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳು ಅದಕ್ಕಿಂತ ಹೆಚ್ಚಿವೆ. ಬಿಕ್ಕೋಡು ಕಡೆಯ ಒಬ್ಬ ತಾಯಿ, ಕಾಡಾನೆ ಬಂದ ದಿನ ಶಾಲೆಗೆ ಬಾರದ ಮಕ್ಕಳ ಹಾಜರಿಯನ್ನು ಯಾರಾದರೂ ಲೆಕ್ಕ ಹಾಕಿದ್ದಾರಾ ಎಂದು ಕೇಳಿದ್ದಾರೆ. ಕಾಫಿ ತೋಟದ ಲೈನಿನಲ್ಲಿರುವ ಅಸ್ಸಾಮಿನ ಕೂಲಿಯವರ ಮಕ್ಕಳು ಯಾವ ಶಾಲೆಯ ರಿಜಿಸ್ಟರಿನಲ್ಲಿದ್ದಾರೆ ಎಂಬುದು ಒಬ್ಬ ಅಂಗನವಾಡಿ ಕಾರ್ಯಕರ್ತೆಯ ಪ್ರಶ್ನೆ. ಅರಸೀಕೆರೆಯ ಒಬ್ಬ ಗೇಣಿದಾರರು ತಮ್ಮ ಮಗನ ಕೈಯಲ್ಲಿ ಬರೆಸಿದ್ದು ಹೀಗಿದೆ: 'ಉಂಡೆ ಕೊಬ್ಬರಿಗೆ ಸರ್ಕಾರ ಕ್ವಿಂಟಲಿಗೆ 12,000 ಕೊಟ್ಟ ವರ್ಷ, ಪಹಣಿಯಲ್ಲಿ ಹೆಸರಿಲ್ಲದ ನಮ್ಮಂಥವರು ಎಷ್ಟಕ್ಕೆ ಮಾರಿದ್ವಿ?' ಇದಕ್ಕೆ ಗಣಿತದ ಇಬ್ಬರು, ಸಮಾಜ ವಿಜ್ಞಾನದ ಇಬ್ಬರು ಸೇರಿ ತಂಡವಾಗುತ್ತೇವೆಂದು ಮುಂದೆ ಬಂದಿದ್ದಾರೆ. ಉಳಿದ ಪುಟಗಳನ್ನು ಓದಲು ಬಯಸುವವರು ಯಾವ ಕಾಲೇಜಿನವರಾದರೂ ಸರಿ, ನೋಟ್‌ಬುಕ್ಕು ಬೋಧನಾಭ್ಯಾಸ ವಿಭಾಗದ ಕಪಾಟಿನಲ್ಲಿದೆ.